ಆರುಮಣಿ ಆಚಾರ್ರ ಬೆನ್ನ ಮೇಲಿನ ಮೂಟೆ

ನಮ್ಮ ಮೈಸೂರಿನ ಭಾನುವಾರದ ಹಕ್ಕಿ ಬಳಗದಲ್ಲಿ ಪರದೇಶ ಕಾಣದೆ ಉಳಿದವನು ನಾನೊಬ್ಬನೇ. ಒಬ್ಬರು ಕೀನ್ಯಾದಲ್ಲಿ ಉಷ್ಟ್ರಪಕ್ಷಿ ತಮ್ಮ ಟೋಪಿ ಕಿತ್ತುಕೊಂಡ ಕಥೆ ಹೇಳುತ್ತಾರೆ. ಇನ್ನೊಬ್ಬರು ನಾರ್ವೆಯ ಚಳಿಗೆ ದುರ್ಬೀನು ಹುಬ್ಬಿಗೆ ಅಂಟಿಕೊಂಡ ಕಥೆ ಹೇಳುತ್ತಾರೆ. ಕೆರೆ ಏರಿಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತ ಇದನ್ನೆಲ್ಲ ಕೇಳಿ ಹೊಟ್ಟೆ ಉರಿಸಿಕೊಳ್ಳುವುದು ನನ್ನ ಪಾಲಿಗೆ ಬಂದ ಕೆಲಸ. ಬ್ಯಾಂಕಿನಿಂದ ನಿವೃತ್ತನಾದ ಮೇಲಂತೂ ಉರಿಸಿಕೊಳ್ಳುವುದಕ್ಕೆ ಪುರುಸೊತ್ತೂ ಹೆಚ್ಚಾಯಿತು. ಕೊನೆಗೆ ಕಳೆದ ಏಪ್ರಿಲ್‌ನಲ್ಲಿ ನಾನೂ ಹೋಗಿ ಬಂದೆ. ಚೆನ್ನೈಗೆ.

ಚೆನ್ನೈ ಹೇಗೆ ಪರದೇಶವಾಗುತ್ತದೆ ಎಂದು ಬಳಗದವರು ನಕ್ಕರು. ನನ್ನ ಬಳಿ ಸಾಕ್ಷಿಯಿದೆ. ನನ್ನ ಸೋದರತ್ತೆ ಪದ್ದತ್ತೆ ಮದುವೆಯಾಗಿ ನುಂಗಂಬಾಕ್ಕಂ ಸೇರಿದವರು. ಗಂಡನ ಮನೆಯವರು ತಲೆಮಾರುಗಳಿಂದ ಅಲ್ಲೇ ಬೇರು ಬಿಟ್ಟ ಮಾಧ್ವರು. ಕಾಟ್ಪಾಡಿಯಿಂದ ಈಚೆಗೆ ಇರುವುದೆಲ್ಲ ಅತ್ತೆಯ ಬಾಯಲ್ಲಿ ‘ನಿಮ್ಮ ದೇಶ’. ‘ನಿಮ್ಮ ದೇಶದಲ್ಲಿ ಮಾವಿನಕಾಯಿ ಬಂದಾಯ್ತಾ?’ ಎಂದು ಫೋನಿನಲ್ಲಿ ಕೇಳುತ್ತಾರೆ. ಅಲ್ಲಿಯವರೇ ನಮ್ಮನ್ನು ಬೇರೆ ದೇಶ ಅಂದ ಮೇಲೆ ನನ್ನದು ವಿದೇಶ ಪ್ರವಾಸವಲ್ಲದೆ ಇನ್ನೇನು?

ನನ್ನನ್ನು ಕರೆಸಿದವಳು ಅತ್ತೆಯ ಮೊಮ್ಮಗಳು ಮೇಧಾ. ವಲಸೆ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಸಂಖ್ಯೆ ಕೊರೆದ ಪುಟ್ಟ ಉಂಗುರ ತೊಡಿಸಿ, ತೂಕ ನೋಡಿ ಬಿಟ್ಟುಬಿಡುವುದು ಅವಳ ಸಂಶೋಧನೆ. ಅರಣ್ಯ ಇಲಾಖೆಯ ಪರವಾನಗಿ ಎಲ್ಲ ಇದೆ. ಇಲ್ಲದಿರುವುದು ಅಜ್ಜಿಯ ಪರವಾನಗಿ.

ಕಥೆ ಇಷ್ಟು. ಅತ್ತೆಯ ಹಿತ್ತಲಿಗೆ ಪ್ರತಿ ವರ್ಷ ಅಕ್ಟೋಬರಿನಲ್ಲಿ ಒಂದು ನವರಂಗ ಹಕ್ಕಿ ಬರುತ್ತದೆ. ಚಳಿಗಾಲವೆಲ್ಲ ಅಲ್ಲೇ ಎಲೆಗಳ ನಡುವೆ ಹುಳು ಕೆದಕಿಕೊಂಡಿದ್ದು, ಏಪ್ರಿಲ್ ಬಂದರೆ ಮರಿ ಮಾಡಲು ಉತ್ತರಕ್ಕೆ ಹಾರುತ್ತದೆ. ಹಿಂದಿನ ವರ್ಷ ಅತ್ತೆ ಮಂತ್ರಾಲಯಕ್ಕೆ ಹೋಗಿದ್ದ ಸಮಯ ನೋಡಿ ಮೇಧಾ ಅದನ್ನು ಹಿಡಿದು, ಅದರ ಬೆನ್ನಿಗೆ ಅಂಗಿಯ ಗುಂಡಿಯಷ್ಟು ಚಿಕ್ಕ ಯಂತ್ರವೊಂದನ್ನು ಕಟ್ಟಿ ಬಿಟ್ಟಿದ್ದಳು. ಹಕ್ಕಿ ಎಲ್ಲೆಲ್ಲಿ ಇತ್ತು ಎಂಬುದು ಆ ಯಂತ್ರದಲ್ಲಿ ದಾಖಲಾಗುತ್ತದೆ, ಆದರೆ ಅದು ತಾನಾಗಿ ಯಾರಿಗೂ ಏನನ್ನೂ ಕಳಿಸುವುದಿಲ್ಲ. ಅದೇ ಹಕ್ಕಿಯನ್ನು ಮತ್ತೆ ಹಿಡಿದು ಬಿಚ್ಚಿಕೊಂಡರೆ ಮಾತ್ರ ಉಂಟು. ಅವಳು ಹೀಗೆ ಕಟ್ಟಿ ಕಳಿಸಿದ ಹಕ್ಕಿಗಳಲ್ಲಿ ತಿರುಗಿ ಬಂದದ್ದು ಇದೊಂದೇ. ಇನ್ನೇನು ಅದೂ ಹೊರಡುವ ಕಾಲ. ಈ ಸಲ ತಪ್ಪಿಸಿಕೊಂಡರೆ ಅವಳ ಇಷ್ಟು ದಿನದ ದುಡಿಮೆ ನೀರಿನಲ್ಲಿ ಹೋಮ.

ಅತ್ತೆಗೆ ಆ ಯಂತ್ರ ಕಟ್ಟಿದವರು ಯಾರೆಂದು ಗೊತ್ತಿರಲಿಲ್ಲ. ತಮ್ಮ ಹಕ್ಕಿಯ ಬೆನ್ನಿಗೆ ಯಾರೋ ಮೂಟೆ ಕಟ್ಟಿದ್ದಾರೆ ಎಂಬುದಷ್ಟೇ ಗೊತ್ತು. ಅಂದಿನಿಂದ ಅವರು ಮನೆ ಬಿಟ್ಟು ಕದಲಿರಲಿಲ್ಲ, ಹಿತ್ತಲಿಗೆ ಯಾರನ್ನೂ ಬಿಟ್ಟಿರಲಿಲ್ಲ.

‘ಮಾಮಾ, ನೀಂಗ ವಂದು ಪೇಸುಂಗೊ. ಪಾಟಿಗೆ ಬರ್ಡ್ ಎಕ್ಸ್‌ಪರ್ಟ್ ಅಂದ್ರೆ ನೀವೇ. ಆನಾ ನಾಂದಾನ್ ಕಟ್ಟಿನೇನ್‌ನು ಸೊಲ್ಲಾದೀಂಗೊ, ಪ್ಲೀಸ್’ ಎಂದಳು ಮೇಧಾ ಫೋನಿನಲ್ಲಿ. ನೀವು ಬಂದು ಮಾತಾಡಿ, ಆದರೆ ಕಟ್ಟಿದವಳು ನಾನೇ ಎಂದು ಹೇಳಬೇಡಿ ಎಂದರ್ಥ, ಪಾಟಿಯೆಂದರೆ ಅಜ್ಜಿ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಸಿಕ್ಕಿದ ಭಾಷೆಯಲ್ಲಿ ಬರುತ್ತದೆ. ಎಕ್ಸ್‌ಪರ್ಟ್ ಎಂಬ ಪದ ಕೇಳಿದ ಮೇಲೆ ನಾನು ಅರ್ಥವೇನು ವಿವರವೇನು ಎಂದು ಕೇಳಲಿಲ್ಲ. ರೈಲು ಹತ್ತಿದೆ.

ನುಂಗಂಬಾಕ್ಕಂ: ಅನಗತ್ಯ ವೀಸಾ

ರೈಲಿಳಿದು ಆಟೋ ಹತ್ತಿದೆ. ಡ್ರೈವರ್ ಕೋಡಂಬಾಕ್ಕಂನವನು. ನಾನು ಫೋನಿನಲ್ಲಿ ಮನೆಗೆ ಕನ್ನಡದಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡು ತಟ್ಟನೆ ಹಿಂದೆ ತಿರುಗಿ, ‘ಎಲೈ ಪಥಿಕನೇ, ಎತ್ತ ಸಾಗುವೆ?’ ಎಂದ. ನಾನು ಬೆಚ್ಚಿಬಿದ್ದೆ. ಅವನ ಅಪ್ಪ ಕನ್ನಡ ಸಿನಿಮಾಗಳು ಅಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಸ್ಟುಡಿಯೋದಲ್ಲಿ ಲೈಟು ಹಿಡಿಯುತ್ತಿದ್ದನಂತೆ. ಅಪ್ಪನಿಂದ ಮಗನಿಗೆ ಬಂದ ಕನ್ನಡವೆಲ್ಲ ಪೌರಾಣಿಕ ಚಿತ್ರಗಳದ್ದೇ. ಸಿಗ್ನಲ್ಲಿನಲ್ಲಿ ಬಸ್ಸೊಂದು ಅಡ್ಡ ಬಂದಾಗ ‘ದುರುಳಾ, ನಿನ್ನ ಅಂತ್ಯಕಾಲ ಸಮೀಪಿಸಿತು’ ಎಂದು ಅದರ ಡ್ರೈವರಿಗೆ ಹೇಳಿದ. ಆ ಬಿಸಿಲಿಗೆ, ಆ ಬೆವರಿಗೆ ನನಗೂ ಹಾಗೇ ಅನ್ನಿಸುತ್ತಿತ್ತು. ಮೈಸೂರಿನಲ್ಲಿ ಬೆವರು ಕೆಲಸ ಮಾಡಿದರೆ ಬರುತ್ತದೆ. ಚೆನ್ನೈಯಲ್ಲಿ ಸುಮ್ಮನೆ ಕೂತವನಿಗೂ ಪಕ್ಷಪಾತವಿಲ್ಲದೆ ಬರುತ್ತದೆ.

ಅತ್ತೆಯ ಮನೆಯ ಪಕ್ಕದಲ್ಲೇ ಯಾವುದೋ ದೇಶದ ದೂತಾವಾಸ. ಬೀದಿಯುದ್ದಕ್ಕೂ ವೀಸಾ ಬೇಡುವವರ ಸಾಲು. ನಾನು ಆಟೋ ಇಳಿದು ಅತ್ತೆಯ ಗೇಟು ಹುಡುಕುತ್ತಿದ್ದಾಗ ಕಾವಲಿನವನು ‘ಲೈನ್ಲ ನಿಲ್ಲುಂಗ ಸಾರ್’ ಎಂದು ಗದರಿದ. ಬ್ಯಾಂಕಿನಲ್ಲಿ ಜೀವಮಾನವೆಲ್ಲ ಸಾಲು ನಿಲ್ಲಿಸಿದವನು ನಾನು. ಯಾರಾದರೂ ನಿಲ್ಲು ಅಂದರೆ ಕಾಲುಗಳು ತಾವಾಗಿ ನಿಲ್ಲುತ್ತವೆ. ನಿಂತೆ.

ಹಿಂದಿದ್ದ ಸೇಲಂನ ಹಿರಿಯರೊಬ್ಬರು, ಯಾವ ಕೆಲಸಕ್ಕೆ ಹೊರಟಿದ್ದೀರಿ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು. ಹಕ್ಕಿ ನೋಡುವುದಕ್ಕೆ ಅಂದೆ. ಅವರು ಗಾಬರಿಯಾದರು. ಹಾಗೆಲ್ಲ ಹೇಳಿದರೆ ವೀಸಾ ಕೊಡುವುದಿಲ್ಲ, ಹೋದವರು ಖಂಡಿತ ತಿರುಗಿ ಬರುತ್ತಾರೆ ಎಂದು ದೂತಾವಾಸದವರಿಗೆ ನಂಬಿಕೆ ಬರಬೇಕು, ಮನೆ ಪತ್ರ ತಂದಿದ್ದೀರಾ ಎಂದರು. ಅಷ್ಟರಲ್ಲಿ ದೂತಾವಾಸದ ಗೋಡೆಯ ಮೇಲೆ ಚಾಚಿದ ಮಾಮರದಲ್ಲಿ ಹಳದಿ ಬಣ್ಣ ಮಿಂಚಿತು. ಹೊನ್ನಕ್ಕಿ. ಅಭ್ಯಾಸಬಲದಿಂದ ಕೊರಳಿನ ದುರ್ಬೀನು ಎತ್ತಿ ಗೋಡೆಯತ್ತ ಗುರಿಯಿಟ್ಟೆ.

ಮುಂದಿನ ಕ್ಷಣ ಇಬ್ಬರು ಕಾವಲಿನವರ ನಡುವೆ ಇದ್ದೆ. ಹೊನ್ನಕ್ಕಿಗೆ ತಮಿಳಿನಲ್ಲಿ ಏನೆನ್ನುತ್ತಾರೋ ಗೊತ್ತಿಲ್ಲ. ರೆಕ್ಕೆ ಬಡಿದು ತೋರಿಸಿದೆ. ಅದರಿಂದ ಅವರ ಅನುಮಾನ ಇನ್ನಷ್ಟು ಬಲವಾಯಿತು.

‘ಅವನು ನಮ್ಮ ಶೀನ ಕಣಪ್ಪಾ, ವಿಡುಪ್ಪಾ!’ ಎಂಬ ಕೂಗು ಕೇಳಿತು. ಗೇಟಿನೊಳಗೆ ಒದ್ದೆ ಸೀರೆಯಲ್ಲಿ ಪದ್ದತ್ತೆ ನಿಂತಿದ್ದರು. ಮಡಿಯಲ್ಲಿದ್ದದ್ದರಿಂದ ಬೀದಿಗಿಳಿಯುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಅಲ್ಲಿಂದಲೇ ಕಾವಲಿನವರಿಗೆ ನನ್ನ ತಂದೆ, ತಾತ, ಗೋತ್ರ ಎಲ್ಲವನ್ನೂ ತಮಿಳಿನಲ್ಲಿ ಹೇಳಿದರು. ಗೋತ್ರ ಕೇಳಿದ ಮೇಲೆ ಕಾವಲಿನವರು ಬಿಟ್ಟುಬಿಟ್ಟರು. ಸೇಲಂನವರು ‘ನಿಮಗಾದರೂ ಬೇಗ ಕೆಲಸವಾಯಿತು’ ಎಂದು ಕೈ ಕುಲುಕಿದರು.

‘ಬಂದ್ಯಾ ಶೀನ? ದೂರ ನಿಲ್ಲು, ತಗಲಬೇಡ. ನಿಮ್ಮ ದೇಶದಲ್ಲಿ ಎಲ್ರೂ ಸೌಖ್ಯ ತಾನೆ? ಒರೇ ಬೆವರು ನೋಡು ನಿಂಗೆ. ಕಾಪಿ ಕುಡಿ, ಸೆರಿಹೋಗತ್ತೆ’ ಎಂದರು ಅತ್ತೆ.

ಹಿತ್ತಲು: ಗುರುತಿನ ಸಂಜೆ

ಕಚೇರಿಗಳು, ಅಂಗಡಿಗಳು ಒತ್ತಿ ನಿಂತ ಆ ಬೀದಿಯಲ್ಲಿ ಅತ್ತೆಯ ಹಿತ್ತಲು ಮಾತ್ರ ಮರೆತು ಬಿಟ್ಟ ಹಾಗೆ ಉಳಿದುಕೊಂಡಿದೆ. ಬಾವಿ, ತುಳಸಿಕಟ್ಟೆ, ಬಾಳೆ, ಒಂದು ಬೇವಿನ ಮರ, ಅದರಡಿ ಗುಡಿಸದ ತರಗೆಲೆ. ಮೇಲೆ ಎತ್ತರದಲ್ಲಿ ಮಡಿಬಟ್ಟೆ ಒಣಗಿಸುವ ಹಗ್ಗ. ಅದು ಯಾರ ಕೈಗೂ ಎಟುಕದು. ಅತ್ತೆ ಉದ್ದನೆಯ ಬಿದಿರಿನ ಮಡಿಕೋಲಿನಿಂದ ಒದ್ದೆ ಸೀರೆಯನ್ನು ಎತ್ತಿ, ಹಗ್ಗದ ಮೇಲೆ ಹಾಕಿ, ಸುಕ್ಕಿಲ್ಲದೆ ಹರಡುತ್ತಾರೆ. ಒಂಬತ್ತು ಗಜದ ಸೀರೆ ಅವರ ಕೋಲಿನ ತುದಿಯಲ್ಲಿ ಹೇಳಿದ ಮಾತು ಕೇಳುತ್ತದೆ. ನನ್ನ ಮನೆಯಲ್ಲಿ ನಾನು ಕೈಯಿಂದ ಹರಡಿದ ಟವೆಲ್ಲೂ ಹೀಗೆ ನಿಲ್ಲುವುದಿಲ್ಲ.

ಅತ್ತೆಯ ಮಗ, ಮೇಧಾಳ ಅಪ್ಪ ಗುರು ಗಿಂಡಿ ಬಡಾವಣೆಯ ಆಫೀಸಿನಿಂದ ಬಂದವನು, ‘ಹಕ್ಕಿ ವಿಷ್ಯ ಮಾತ್ರ ನನ್ನ ಕೇಳಬೇಡ ಶೀನ, ನಂಗೆ ಇಲ್ಲೇ ಊಟ ಆಗಬೇಕು’ ಎಂದು ಕೈ ತೊಳೆದುಕೊಂಡ. ಅವನ ಹೆಂಡತಿ ನಕ್ಕು ಒಳಗೆ ಹೋದಳು. ನಾನು, ಮೇಧಾ, ಅತ್ತೆ ಹಿತ್ತಲ ಬಾಗಿಲಲ್ಲಿ ಕೂತೆವು.

ಬೆಳಕು ಇಳಿಯುತ್ತಿದ್ದಂತೆ ಬೇವಿನಡಿಯಿಂದ ಎರಡು ಸ್ವರದ ಶಿಳ್ಳೆ ಎದ್ದಿತು. ನವರಂಗ ಬೆಳಗ್ಗೆ ಸಂಜೆ ಆರರ ಸುಮಾರಿಗೆ ಹೀಗೆ ಕೂಗುವುದರಿಂದ ತಮಿಳರು ಅದನ್ನು ಆರುಮಣಿ ಕುರುವಿ ಎನ್ನುತ್ತಾರೆ, ಆರು ಗಂಟೆಯ ಹಕ್ಕಿ. ಅತ್ತೆ ಎದ್ದು ದೇವರಿಗೆ ದೀಪ ಹಚ್ಚಿ ಬಂದರು. ಆ ಮನೆಯಲ್ಲಿ ದೀಪ ಹಚ್ಚುವುದು ಗಡಿಯಾರ ನೋಡಿ ಅಲ್ಲ.

ಆಮೇಲೆ ಅದು ಕುಪ್ಪಳಿಸುತ್ತ ಬಯಲಿಗೆ ಬಂತು. ಹಸಿರು ಬೆನ್ನು, ಹೆಗಲಲ್ಲಿ ನೀಲಿ, ಬಾಲದಡಿ ಕೆಂಪು. ಕಾಲಲ್ಲಿ ಉಂಗುರ. ಬೆನ್ನ ಮೇಲೆ ಗುಂಡಿಯಂಥ ಕಪ್ಪು ಚುಕ್ಕೆ.

‘ಹಣೆ ನೋಡು ಶೀನ, ಹಣೆ’ ಎಂದರು ಅತ್ತೆ ಪಿಸುದನಿಯಲ್ಲಿ. ನವರಂಗದ ನೆತ್ತಿಯ ನಡುವೆ ಉದ್ದಕ್ಕೂ ಕಪ್ಪು ಗೆರೆಯಿದೆ. ಇಷ್ಟು ವರ್ಷ ನಾನು ಅದನ್ನು ಪುಸ್ತಕದ ಲಕ್ಷಣವೆಂದು ನೋಡಿದ್ದೆ. ‘ಮಾಧ್ವರ ಹಾಗೆ ಕರೀ ಅಂಗಾರ ಇಟ್ಟಿದಾನೆ. ನಮ್ಮವನೇ. ಆರುಮಣಿ ಆಚಾರ್ರು. ಸಂಧ್ಯಾವಂದನೆ ಒಂದು ದಿನ ತಪ್ಸಲ್ಲ. ನಮ್ಮ ಗುರು ಮಾಡ್ತಾನಾ ಕೇಳು!’

ಒಳಗಿಂದ ಗುರು ಕೆಮ್ಮಿದ.

ನಾನು ಎಕ್ಸ್‌ಪರ್ಟಿನ ಗಂಟಲು ಸರಿಮಾಡಿಕೊಂಡೆ. ವಲಸೆಯ ಮಹತ್ವ, ವಿಜ್ಞಾನದ ಅಗತ್ಯ, ತೆಳ್ಳನೆಯ ಬಲೆಯಿಂದ ಹಕ್ಕಿಗೆ ನೋವಾಗುವುದಿಲ್ಲ, ಇತ್ಯಾದಿ ಹೇಳಿದೆ. ಅತ್ತೆ ಪೂರ್ತಿ ಕೇಳಿದರು.

‘ನೀನು ಎಷ್ಟು ಜಾತಿ ಹಕ್ಕಿ ನೋಡಿದೀಯ?’

‘ಮುನ್ನೂರು ಚಿಲ್ಲರೆ, ಅತ್ತೆ’ ಎಂದೆ, ಆದಷ್ಟು ವಿನಯದಿಂದ.

‘ಅದ್ರಲ್ಲಿ ನಿನ್ನ ನೋಡಿದ್ದು ಎಷ್ಟು? ಆಚಾರ್ರು ನನ್ನ ದಿನಾ ನೋಡ್ತಾರೆ. ಅದು ಬಂದು, ನಂಬಿ ಬಂದೋರ ಮೇಲೆ ಬಲೆ ಹಾಕೋದು ಅಂದ್ರೆ ಏನು ನ್ಯಾಯ? ಒಬ್ಬ ಪಾವಿ ಆಗ್ಲೇ ಮೂಟೆ ಕಟ್ಟಿದಾನೆ.’ ಎದ್ದು ತುಳಸಿಯತ್ತ ತಿರುಗಿ ಕೈಮುಗಿದು, ದಿನವೂ ಹೇಳಿ ರೂಢಿಯಾದ ಧಾಟಿಯಲ್ಲಿ ಹೇಳಿದರು: ‘ಆಚಾರ್ರ ಬೆನ್ನಿಂದ ಮೂಟೆ ಇಳಿಯೋತನಕ ಅದನ್ನ ಕಟ್ಟಿದೋನ ಬೆನ್ನೂ ನೆಟ್ಟಗಾಗದೆ ಇರ್ಲಿ.’

ಮೇಧಾ ನನ್ನ ಪಕ್ಕದಲ್ಲೇ ಎದ್ದು ನಿಂತಿದ್ದಳು. ಅವಳ ಬೆನ್ನಿಗೆ ಲ್ಯಾಪ್‌ಟಾಪು, ಕ್ಯಾಮೆರಾ, ನೀರಿನ ಬಾಟಲಿ ತುಂಬಿದ ಚೀಲ, ಅವಳಿಗಿಂತ ದಪ್ಪನೆಯದು. ನನಗೆ ನಗು ಬಂತು. ಅವಳು ಕಣ್ಣಲ್ಲೇ ನನ್ನನ್ನು ಸುಟ್ಟಳು.

ಗಿಂಡಿ: ಬಲೆಯಲ್ಲಿ ಒಂದು ದೊಡ್ಡ ಜೀವಿ

ಮರುದಿನ ನಸುಕಿನಲ್ಲಿ ಮೇಧಾ ನನ್ನನ್ನು ಗಿಂಡಿಗೆ ಕರೆದೊಯ್ದಳು. ಕಾರ್ಖಾನೆ, ಆಫೀಸು, ರೈಲುಗಳ ಆ ಗದ್ದಲದ ಮಗ್ಗುಲಲ್ಲೇ ಕಾಡಿನಂತೆ ಮರ ಬೆಳೆದ ಆವರಣವೊಂದಿದೆ. ಅವಳ ಸಂಗಡಿಗರಿಬ್ಬರು ಆಗಲೇ ಬಲೆ ಕಟ್ಟಿ ಕಾಯುತ್ತಿದ್ದರು. ಒಂದು ಎಲೆಗುಬ್ಬಿ ಸಿಕ್ಕಿತ್ತು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಬಣ್ಣವೂ ಇಲ್ಲ ಬೆಡಗೂ ಇಲ್ಲ. ಮೇಧಾ ಅದನ್ನು ಎರಡು ಬೆರಳ ನಡುವೆ ಕತ್ತು ನಿಲ್ಲುವಂತೆ ಹಿಡಿದು, ಎದೆಯ ಪುಕ್ಕದ ಮೇಲೆ ಮೆಲ್ಲಗೆ ಊದಿದಳು. ಪುಕ್ಕ ಸರಿದಾಗ ಚರ್ಮದಡಿ ಬೆಣ್ಣೆ ಬಣ್ಣದ ಕೊಬ್ಬು ಕಾಣಿಸಿತು. ದೂರದ ದಾರಿಗೆ ನಮ್ಮವರು ಪುಳಿಯೋಗರೆ ಕಟ್ಟಿಕೊಂಡ ಹಾಗೆ ಹಕ್ಕಿ ಬುತ್ತಿಯನ್ನು ಮೈಮೇಲೇ ಕಟ್ಟಿಕೊಳ್ಳುತ್ತದೆ.

‘ಪಾರುಂಗೊ ಮಾಮಾ, ಫುಲ್ ಟ್ಯಾಂಕ್. ಇವು ಹೊರಟಾಯ್ತು’ ಎಂದಳು. ಆಮೇಲೆ ದನಿ ಇಳಿಯಿತು. ‘ನಮ್ಮ ಪಿಟ್ಟಾನೂ ಅಷ್ಟೇ. ಇನ್ನಿಕ್ಕೋ ನಾಳೈಕ್ಕೋ.’ ಅವಳು ಆಚಾರ್ರನ್ನು ಪಿಟ್ಟಾ ಎನ್ನುತ್ತಾಳೆ, ಅದು ನವರಂಗದ ಇಂಗ್ಲಿಷ್ ಹೆಸರು. ಇಂದೋ ನಾಳೆಯೋ ಎಂದಾಗ ಅವಳ ಮುಖ ನೋಡಿ ನನಗೆ ಸಂಕಟವಾಯಿತು. ನಾನು ಅಲ್ಲಿಗೆ ಮಜಾ ನೋಡಲು ಬಂದಿದ್ದೆ. ಅವಳಿಗೆ ಅದು ಬದುಕು.

ಹೇಗಾದರೂ ಅತ್ತೆಯನ್ನು ಒಪ್ಪಿಸಲೇಬೇಕು ಎಂದು ಯೋಚಿಸುತ್ತ, ಕೈ ಹಿಂದೆ ಕಟ್ಟಿಕೊಂಡು, ಗಂಭೀರವಾಗಿ ನಡೆಯುತ್ತ ಹೋದೆ. ಆ ಬಲೆಗಳ ವಿಶೇಷವೆಂದರೆ ಅವು ಕಾಣುವುದಿಲ್ಲ. ಹಕ್ಕಿಗೇ ಕಾಣದ್ದು ಕನ್ನಡಕದವನಿಗೆ ಕಾಣುತ್ತದೆಯೇ? ಗಾಳಿಯೇ ಮುಖಕ್ಕೆ ಅಂಟಿಕೊಂಡಂತಾಯಿತು. ಬಿಡಿಸಿಕೊಳ್ಳಲು ಕೈ ಎತ್ತಿದೆ, ಕೈ ಸಿಕ್ಕಿಕೊಂಡಿತು. ತಿರುಗಿದೆ, ಅಂಗಿಯ ಗುಂಡಿ, ಕನ್ನಡಕದ ಕಾಲು, ಒಂದು ಕಿವಿ, ದುರ್ಬೀನಿನ ಪಟ್ಟಿ ಎಲ್ಲ ಒಂದೇ ಗಂಟಾದವು.

‘ಅಸೆಯಾದೀಂಗೊ ಮಾಮಾ!’ ಅಲ್ಲಾಡಬೇಡಿ ಎಂದು ಕೂಗುತ್ತ ಮೇಧಾ ಓಡಿ ಬಂದಳು. ಹಕ್ಕಿಯನ್ನು ಬಿಡಿಸುವುದಕ್ಕೆ ಒಂದು ಕ್ರಮವಿದೆಯಂತೆ. ಯಾವ ಕಡೆಯಿಂದ ಒಳಗೆ ಹೋಯಿತೋ ಆ ಕಡೆಯಿಂದಲೇ ಬಿಡಿಸಬೇಕು, ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ತಲೆ. ನನಗೂ ಅದೇ ಕ್ರಮ ಅನ್ವಯಿಸಿದಳು. ಸಂಗಡಿಗರಲ್ಲಿ ಒಬ್ಬ, ತೂಕ ನೋಡಬೇಕೇ ಎಂದು ಕೇಳಿದ. ಇನ್ನೊಬ್ಬ, ಕೊಬ್ಬು ಊದಿ ನೋಡುವ ಅಗತ್ಯವಿಲ್ಲ, ಹಾಗೇ ಕಾಣುತ್ತಿದೆ ಎಂದ. ಕೊನೆಯ ಎಳೆ ಬಿಡುವ ಹೊತ್ತಿಗೆ ನನ್ನ ಕಾಲು ಜಾರಿ ಇಡೀ ಭಾರ ಅವಳ ಹೆಗಲ ಮೇಲೆ ಬಿತ್ತು. ಅವಳ ಬಾಯಿಂದ ‘ಹಾ’ ಎಂಬ ಸದ್ದು ಬಂತು. ಬಗ್ಗಿದವಳು ನೆಟ್ಟಗಾಗಲಿಲ್ಲ.

ಹಿತ್ತಲು: ಹಿಡಿದ ಬೆನ್ನು, ಜಾರಿದ ನಾಲಿಗೆ

ಮನೆಗೆ ಬಂದಾಗ ಮೇಧಾ ಇನ್ನೂ ಪ್ರಶ್ನಾರ್ಥಕ ಚಿಹ್ನೆಯಂತೆಯೇ ಇದ್ದಳು. ಅತ್ತೆ ಅವಳನ್ನು ಚಾಪೆಯ ಮೇಲೆ ಬೋರಲು ಮಲಗಿಸಿ, ಕರ್ಪೂರ ಹಾಕಿ ಬಿಸಿ ಮಾಡಿದ ಎಣ್ಣೆ ತಿಕ್ಕತೊಡಗಿದರು.

‘ಅಯ್ಯೋ ಪಾವಂ, ಹುಡುಗಿ ಬೆನ್ನು ನೋಡು, ಕಟ್ಟಿಗೆ ಹಾಗೆ ಆಗಿದೆ. ಯಾಕೋ ಹೀಗಾಯ್ತು?’

ನಾನು ಪಾಪಪ್ರಜ್ಞೆಯಲ್ಲಿ ಕುಗ್ಗಿ ಕೂತಿದ್ದೆ. ವಾತಾವರಣ ಹಗುರ ಮಾಡೋಣವೆನ್ನಿಸಿತು. ನನ್ನ ನಾಲಿಗೆಗೆ ಬ್ರೇಕು ಇಲ್ಲವೆಂದು ನನ್ನ ಹೆಂಡತಿ ಹೇಳುವುದುಂಟು.

‘ಮತ್ತಿನ್ನೇನು ಅತ್ತೆ, ನಿಮ್ಮ ಶಾಪವೇ ತಟ್ಟಿತು’ ಎಂದೆ.

ಚಾಪೆಯ ಮೇಲೆ ಮೇಧಾ ಮುಖ ಮುಚ್ಚಿಕೊಂಡಳು. ಅತ್ತೆಯ ಕೈ ನಿಂತಿತು. ಅವರು ನನ್ನನ್ನು ನೋಡಿದರು, ಮೊಮ್ಮಗಳನ್ನು ನೋಡಿದರು, ಹಿತ್ತಲ ಕಡೆ ನೋಡಿದರು.

‘ನೀನಾ?’

‘ಸಾರಿ ಪಾಟಿ’ ಎಂಬ ದನಿ ಚಾಪೆಯೊಳಗಿಂದ ಬಂತು.

ಬೈಗುಳದ ಮಳೆಗೆ ನಾನು ತಲೆ ತಗ್ಗಿಸಿ ಕಾದೆ. ಬರಲಿಲ್ಲ. ತಲೆಯೆತ್ತಿದರೆ ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಹಕ್ಕಿಗೆ ಮೂಟೆ ಕಟ್ಟಿದ್ದು ಅವರಿಗೆ ಆಗಲೇ ಮರೆತು ಹೋಗಿತ್ತು.

‘ಮಡಿಯಲ್ಲಿ ನಿಂತು ಹೇಳಿದೀನಿ ಶೀನ. ಒದ್ದೆ ಸೀರೆಯಲ್ಲಿ, ತುಳಸಿ ಮುಂದೆ. ಒಂದಿನ ಅಲ್ಲ, ದಿನಾ.’ ಎಣ್ಣೆಯ ಕೈಯನ್ನು ಮೊಮ್ಮಗಳ ಬೆನ್ನ ಮೇಲಿಟ್ಟರು. ‘ನನ್ನ ಮಗು ಮೇಲೆ ನಾನೇ ಹಾಕ್ಬಿಟ್ನಲ್ಲೋ.’

‘ಪಾಟಿ, ಇದು ಬರೀ ಮಸಲ್ ಸ್ಪ್ಯಾಸಮ್. ಮಾಮಾ ರೊಂಬ ವೆಯ್ಟು, ಅವಳೋದಾನ್.’ ಮಾಮಾ ತುಂಬ ಭಾರ, ಅಷ್ಟೇ ಎಂದು ಮೇಧಾ ನಗಲು ನೋಡಿದಳು. ನಕ್ಕಾಗ ಬೆನ್ನು ಹಿಡಿದು ಚೀರಿದಳು. ಅತ್ತೆಗೆ ಅದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ. ನನಗೆ ನಾಚಿಕೆಯಾಯಿತು. ಶಾಪದ ತಮಾಷೆ ನಮ್ಮಂಥವರಿಗೆ, ಅದನ್ನು ಮನಸಾರೆ ಹಾಕಿದವರಿಗಲ್ಲ.

ಅತ್ತೆ ಮತ್ತೆ ಎಣ್ಣೆ ತಿಕ್ಕುತ್ತ ಕೇಳಿದರು: ‘ಆ ಮೂಟೆಯಲ್ಲಿ ಏನಿದೆ?’

ಮೇಧಾ ಮಲಗಿದಲ್ಲಿಂದಲೇ ಹೇಳಿದಳು, ಆಶ್ಚರ್ಯವೆಂದರೆ ಕನ್ನಡದಲ್ಲೇ. ‘ಅದ್ರಲ್ಲಿ ಕ್ಯಾಮೆರಾ ಇಲ್ಲ ಪಾಟಿ, ಫೋನ್ ಇಲ್ಲ. ಬೆಳಕು ಯಾವಾಗ ಬಂತು, ಯಾವಾಗ ಹೋಯ್ತು, ಅಷ್ಟೇ ದಿನಾ ಬರ್ಕೊಳತ್ತೆ. ಸೂರ್ಯೋದಯ, ಸೂರ್ಯಾಸ್ತ. ಅದನ್ನ ನೋಡಿ ಎಲ್ಲಿ ಇತ್ತು ಅಂತ ಕಂಡುಹಿಡಿಯೋದು.’

‘ಅಂದ್ರೆ ಪಂಚಾಂಗ’ ಎಂದರು ಅತ್ತೆ. ‘ಆಚಾರ್ರ ಬೆನ್ನಿಗೆ ನೀನು ಪಂಚಾಂಗ ಕಟ್ಟಿದೀಯ. ಮುಂಚೇನೇ ಹೇಳೋದಲ್ವಾ!’ ಅವರು ಎಣ್ಣೆಕೈ ಒರೆಸಿಕೊಂಡು ಎದ್ದರು. ‘ಇಳಿಯೋತನಕ ಅಂದಿದೀನಿ. ಇಳಿಸಿದ್ರೆ ಶಾಪ ಮುಗಿಯತ್ತೆ. ನಾಳೆ ಬೆಳಗ್ಗೆನೇ ಇಳಿಸಬೇಕು. ಎಲ್ಲಿ ನಿನ್ನ ಬಲೆ?’

ಹಿತ್ತಲು: ಮಡಿ ಬಲೆ

ಒಪ್ಪಿಗೆಯೇನೋ ಸಿಕ್ಕಿತು. ಆದರೆ ಆರುಮಣಿ ಆಚಾರ್ರು ಬಯಲಿಗೆ ಬರುವ ಬೆಳಗಿನ ಹೊತ್ತಿನಲ್ಲಿ ಆ ಹಿತ್ತಲೆಲ್ಲ ಮಡಿ. ಅತ್ತೆಯ ಪೂಜೆಯ ನೀರು, ಹೂವು, ಸೀರೆ ಎಲ್ಲ ಅಲ್ಲಿ. ಎಲ್ಲೆಲ್ಲೋ ತಿರುಗಿದ, ನನ್ನ ಕಿವಿಯನ್ನೂ ಹಿಡಿದ ಬಲೆ ಅಲ್ಲಿಗೆ ಹೇಗೆ ಬರುವುದು? ಅತ್ತೆ ಸಂಜೆಯೇ ಅದನ್ನು ಬಾವಿ ನೀರಿನಲ್ಲಿ ಜಾಲಿಸಿದರು. ನೈಲಾನು ಮಡಿಗೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಎದ್ದಿತು. ರೇಷ್ಮೆಗೆ ಉಂಟು, ಉಣ್ಣೆಗೆ ಉಂಟು, ನೈಲಾನಿನ ಬಗ್ಗೆ ಯಾರೂ ಹೇಳಿಲ್ಲ. ‘ಕಷ್ಟಕಾಲಕ್ಕೆ ಬರತ್ತೆ’ ಎಂದು ಅತ್ತೆಯೇ ತೀರ್ಪು ಕೊಟ್ಟರು.

ಹೀಗಾಗಿ ಬೆಳಗ್ಗೆ ಬಲೆ ಕಟ್ಟಿದವರು ಅತ್ತೆ. ಮೇಧಾ ಅಡುಗೆಮನೆಯ ಹೊಸ್ತಿಲಲ್ಲಿ ಬೆನ್ನಿಗೆ ದಿಂಬು ಕೊಟ್ಟು ಕೂತು ನಿರ್ದೇಶನ ಕೊಟ್ಟಳು. ಮರಳು ತುಂಬಿದ ಎರಡು ಬಕೆಟ್ಟಿನಲ್ಲಿ ಎರಡು ಮಡಿಕೋಲು ನೆಟ್ಟು, ಮೂರನೆಯ ಕೋಲಿನ ತುದಿಯಿಂದ ಅತ್ತೆ ಬಲೆಯನ್ನು ಎತ್ತಿ, ಹರಡಿ, ಕೊಂಡಿಗೆ ಸಿಕ್ಕಿಸಿದರು.

‘ಪಾಟಿ, ಕೀಳೆ, ಇನ್ನೂ ಕೆಳಗೆ, ನೆಲಕ್ಕೆ ತಾಗಬೇಕು. ನಡುವೆ ಸ್ವಲ್ಪ ಸಡಿಲ ಇರಲಿ.’

‘ಗೊತ್ತು ಕಣೇ, ಸೆರಗು ಬಿಟ್ಟ ಹಾಗೆ ತಾನೆ?’

ಮೇಧಾ ಬಾಯಿ ಬಿಟ್ಟುಕೊಂಡು ನೋಡಿದಳು. ತನ್ನ ಸಂಗಡಿಗರು ಇಬ್ಬರು ಸೇರಿ ಒದ್ದಾಡುವ ಕೆಲಸ ಅದು ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಉಳಿದದ್ದು ಸದ್ದಿನ ಪ್ರಶ್ನೆ. ಗೋಡೆಯಾಚೆ ವೀಸಾದವರು ಆಗಲೇ ಸೇರಿದ್ದರು. ಅತ್ತೆ ಗೋಡೆಯ ಬಳಿ ಹೋಗಿ, ಈ ಮನೆಯ ಒಬ್ಬರು ದೂರದೇಶಕ್ಕೆ ಹೊರಟಿದ್ದಾರೆ, ಸ್ವಲ್ಪ ಹೊತ್ತು ಸದ್ದು ಮಾಡಬೇಡಿ ಎಂದು ತಮಿಳಿನಲ್ಲಿ ಕೇಳಿಕೊಂಡರು. ಪ್ರಯಾಣದ ಆತಂಕ ಆ ಸಾಲಿಗೆ ಗೊತ್ತಿಲ್ಲದ್ದೇ? ಇಡೀ ಬೀದಿ ಮೌನವಾಯಿತು. ನನಗೆ ಕೊಟ್ಟ ಜವಾಬ್ದಾರಿ, ಬಾವಿಯ ಹಿಂದೆ ಕೂತು ಅಲ್ಲಿಂದ ಏಳದಿರುವುದು.

ಅತ್ತೆ ದಿನದಂತೆ ತುಳಸಿಗೆ ನೀರೆರೆದು, ಉಳಿದದ್ದನ್ನು ಬಾಳೆಯ ಬುಡಕ್ಕೆ ಚೆಲ್ಲಿದರು. ಶಿಳ್ಳೆ ಕೇಳಿತು. ತರಗೆಲೆ ಸರಿಯಿತು. ಆಚಾರ್ರು ಕುಪ್ಪಳಿಸಿ ಒದ್ದೆ ಮಣ್ಣಿಗೆ ಬಂದರು, ಒಂದು ಎರೆಹುಳು ಎಳೆದರು, ಬಲೆಯ ಮುಂದೆ ನಿಂತು ಅದನ್ನು ನುಂಗಿ, ಅಡ್ಡಡ್ಡ ನಡೆದು ಹಿಂದಕ್ಕೆ ಹೊರಟರು. ಹಾಗೇ ಬಿಟ್ಟರೆ ಬೇವಿನ ಹಿಂದೆ ಮರೆಯಾಗುತ್ತದೆ, ಮತ್ತೆ ಸಂಜೆಯವರೆಗೆ ಇಲ್ಲ, ಸಂಜೆಗೆ ಇರುತ್ತದೋ ಇಲ್ಲವೋ.

ಅತ್ತೆ ಕೋಲು ಕೆಳಗಿಟ್ಟು, ಬೇವಿನ ಕಡೆಯಿಂದ ನಿಧಾನವಾಗಿ ನಡೆದು ಬಂದರು. ಒದ್ದೆ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ, ಮಗುವನ್ನು ತೊಟ್ಟಿಲ ಕಡೆ ಕಳಿಸುವ ಹಾಗೆ, ‘ಹೋಗಪ್ಪಾ, ಆಚಾರ್ರೇ, ಹೋಗು’ ಎಂದರು. ಇಷ್ಟು ವರ್ಷ ಅವರಿಂದ ಬೆದರದ ಹಕ್ಕಿ ಆಗಲೂ ಬೆದರಲಿಲ್ಲ. ಬರೀ ದಾರಿ ಬಿಟ್ಟುಕೊಡುವಂತೆ ನೆಲದಿಂದ ಗೇಣೆತ್ತರ ಹಾರಿತು. ಬಲೆ ಒಮ್ಮೆ ತುಯ್ದು ನಿಂತಿತು. ಅದರ ಮಡಿಲಲ್ಲಿ ಹಸಿರು, ನೀಲಿ, ಕೆಂಪು.

ಮೇಧಾ ಬೆನ್ನು ಮರೆತು ಧಾವಿಸಿದಳು. ಬಲೆಯ ಮುಂದೆ ಗಕ್ಕನೆ ನಿಂತಳು. ಅದು ಮಡಿ ಬಲೆ. ಅದರಾಚೆ ಮಡಿಯಲ್ಲಿ ಅಜ್ಜಿ. ಬಿಡಿಸುವ ಕೈ ಅವಳದೊಂದೇ, ಮುಟ್ಟುವ ಹಕ್ಕು ಅವಳಿಗಿಲ್ಲ.

‘ಮುಟ್ಟು’ ಎಂದರು ಅತ್ತೆ. ‘ಪರವಾಯಿಲ್ಲೆ. ಬಾವಿಯಲ್ಲಿ ನೀರಿದೆ, ಇನ್ನೊಂದು ಸಲ ಸ್ನಾನ ಮಾಡ್ತೀನಿ. ಬಾ.’

ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ತಲೆ. ಮೂಟೆ ಬಿಚ್ಚುವಾಗ ಹಕ್ಕಿಯನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಾಯಿತು, ಅತ್ತೆ ತಾವೇ ಅಂಗೈ ಚಾಚಿದರು. ಹೇಗೆ ಹಿಡಿಯಬೇಕೆಂದು ಮೇಧಾ ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಮಡಚಿ ತೋರಿಸಿದಳು. ಪೂಜೆಗೆ ಮುಂಚೆ ಅತ್ತೆಯನ್ನು ಯಾರಾದರೂ ಮುಟ್ಟಿದ್ದನ್ನು ನಾನು ಅದೇ ಮೊದಲು ಕಂಡೆ. ಬಾವಿಯ ಹಿಂದೆ ನನ್ನ ಕಣ್ಣು ಮಂಜಾಯಿತು, ಬೆವರೆಂದು ಹೇಳಿಕೊಂಡೆ. ಪುಟ್ಟ ಕತ್ತರಿ ಎರಡು ಎಳೆ ಕತ್ತರಿಸಿತು. ಮೂಟೆ ಮೇಧಾಳ ಕೈಗೆ ಬಂತು.

‘ಉಂಗುರ ಇರ್ಲಿ ಬಿಡು’ ಎಂದರು ಅತ್ತೆ. ಆಚಾರ್ರು ಅವರ ಅಂಗೈ ಮೇಲೆ ಒಂದು ಕ್ಷಣ ಕೂತು, ಅಂಗಾರದ ಹಣೆ ಎತ್ತಿ, ಬೇವಿಗೆ ಹಾರಿದರು. ಗೋಡೆಯ ಮೇಲೆ ಸಾಲಾಗಿ ಎದ್ದಿದ್ದ ತಲೆಗಳು ಕೊಟ್ಟ ಮಾತಿಗೆ ತಪ್ಪದೆ, ಸದ್ದಿಲ್ಲದೆ, ಪಾಸ್‌ಪೋರ್ಟುಗಳನ್ನು ಗಾಳಿಯಲ್ಲಿ ಬೀಸಿದವು.

‘ಬೆನ್ನು ಹೇಗಿದೆ?’ ಎಂದು ಅತ್ತೆ ಕೇಳಿದರು.

ಮೇಧಾ ಆಗಲೇ ನೆಟ್ಟಗೆ ನಿಂತಿದ್ದಳು. ಎಣ್ಣೆಯ ಮಹಿಮೆಯೆಂದು ನಾನು ಈಗಲೂ ವಾದಿಸುತ್ತೇನೆ.

ವಾಪಸು

ಯಂತ್ರದೊಳಗಿನದನ್ನು ಮೇಧಾ ಮರುದಿನ ಬಿಡಿಸಿ, ಫೋನಿನಲ್ಲಿ ಒಂದು ನಕ್ಷೆ ತಂದು ಅಜ್ಜಿಗೆ ತೋರಿಸಿದಳು. ಚೆನ್ನೈಯಿಂದ ಹೊರಟ ಗೆರೆ ಆಂಧ್ರ ದಾಟಿ, ನಡುನಾಡಿನ ಕಾಡುಗಳಲ್ಲಿ ತಂಗಿ, ಹಿಮಾಲಯದ ತಪ್ಪಲಲ್ಲಿ ನಿಂತಿತ್ತು.

ಅತ್ತೆ ಕನ್ನಡಕ ಏರಿಸಿದರು. ‘ಬದರಿ ಎಲ್ಲಿ ಬರತ್ತೆ ಇದ್ರಲ್ಲಿ?’ ಮಾಧ್ವರಿಗೆ ಬದರಿಯೆಂದರೆ ಮಧ್ವಾಚಾರ್ಯರು ನಡೆದುಹೋದ ಜಾಗ. ಅತ್ತೆಗೆ ಮಂತ್ರಾಲಯದಿಂದ ಮೇಲಕ್ಕೆ ಹೋಗಲು ಆಗಿರಲಿಲ್ಲ.

‘ಪಾಟಿ, ಇದು ಅಷ್ಟು ನಿಖರ ಇಲ್ಲ. ನೂರಾರು ಕಿಲೋಮೀಟರ್ ಆಚೀಚೆ ಇರತ್ತೆ. ಬದರಿ ತುಂಬ ಮೇಲೆ, ಚಳಿ. ಹಕ್ಕಿ ಇದ್ದದ್ದು ಕೆಳಗಿನ ಕಾಡಲ್ಲಿ.’

‘ಆ ಆಚೀಚೆ ಅಂದ್ಯಲ್ಲ, ಅದ್ರೊಳಗೆ ಬದರಿ ಬರತ್ತಾ ಇಲ್ವಾ?’

ಮೇಧಾ ನನ್ನನ್ನು ನೋಡಿದಳು. ನಾನು ಛಾವಣಿ ನೋಡಿದೆ. ‘ಬರತ್ತೆ ಪಾಟಿ’ ಎಂದಳು.

‘ಸಾಕು’ ಎಂದರು ಅತ್ತೆ. ಆ ಗುಂಡಿಯಂಥ ಯಂತ್ರವನ್ನು ಬೆಳ್ಳಿ ಬಟ್ಟಲಲ್ಲಿಟ್ಟು ದೇವರ ಮನೆಗೆ ಒಯ್ದರು. ಅದು ಲ್ಯಾಬಿಗೆ ಹಿಂದಿರುಗಬೇಕಾದ ವಸ್ತು ಎಂದು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಇವತ್ತಿಗೂ ಅದು ಸಾಲಿಗ್ರಾಮದ ಪಕ್ಕದಲ್ಲಿದೆ, ದಿನವೂ ಮಂಗಳಾರತಿಯಾಗುತ್ತದೆ.

ನಾನು ಹೊರಡುವ ಸಂಜೆ ಶಿಳ್ಳೆ ಕೇಳಲಿಲ್ಲ. ಕತ್ತಲಾದರೂ ಅತ್ತೆ ಹಿತ್ತಲ ಬಾಗಿಲಲ್ಲಿ ಕೂತೇ ಇದ್ದರು. ಗುರುವೇ ‘ಅಮ್ಮಾ, ದೀಪ’ ಎಂದು ನೆನಪಿಸಬೇಕಾಯಿತು. ‘ಹೋಗ್ಲಿ, ಭಾರ ಇಲ್ಲದೆ ಹೋದ್ರಲ್ಲ’ ಎಂದು ಎದ್ದರು.

ಅಕ್ಟೋಬರಿನಲ್ಲಿ ಒಂದು ಸಂಜೆ ಮೈಸೂರಿನ ನನ್ನ ಫೋನು ಬಡಿದುಕೊಂಡಿತು. ಎತ್ತಿದರೆ ಮಾತಿಲ್ಲ. ದೂರದಲ್ಲಿ ಬಸ್ಸಿನ ಹಾರನ್ನು, ಆಮೇಲೆ ಎರಡು ಸ್ವರದ ಆ ಶಿಳ್ಳೆ, ಮತ್ತೊಮ್ಮೆ, ಮಗದೊಮ್ಮೆ.

‘ಕೇಳಿಸ್ತಾ? ಬಂದಿದಾರೆ’ ಎಂದರು ಅತ್ತೆ. ‘ಉಂಗುರ ನೋಡ್ದೆ, ಅವ್ರೇ. ಆದ್ರೆ ಶೀನ, ಬರೀ ಬೆನ್ನಲ್ಲಿ ಬಂದಿದಾರೆ. ಈ ಸಲ ಎಲ್ಲಿಗೆ ಹೋಗಿದ್ರೋ, ಬದರಿಗೆ ಹೋದ್ರೋ ಇಲ್ವೋ, ಯಾರಿಗೆ ಗೊತ್ತು? ಹೀಗೆ ಕಳಿಸಬಾರದಾಗಿತ್ತು. ಮೇಧಾಗೆ ಹೇಳಾಯ್ತು, ಹೊರಡೋಷ್ಟರಲ್ಲಿ ಇನ್ನೊಂದು ಪಂಚಾಂಗ ತರ್ಸು ಅಂತ. ಬಲೆ ನಾನೇ ಜಾಲಿಸಿ ಒಣಗಿಸಿ ಇಟ್ಟಿದೀನಿ. ಏಪ್ರಿಲ್‌ಗೆ ನೀನೂ ಬಾ. ಬಂದು ಬಾವಿ ಹಿಂದೆ ಕೂತ್ಕೋ, ಬಲೆ ಕಡೆ ಮಾತ್ರ ನಡೀಬೇಡ.’